ದಮ್ಮು ಯಾರ ರಕ್ತದಲ್ಲಿ ಉಂಟು?



ಕಡಬ ಕಡೆಯ ಒಂದು ಕಾಲನಿಯಲ್ಲಿ ಮೊನ್ನೆ ಹಕ್ಕುಪತ್ರದ ವಿಷಯ ಮಾತಾಡಲಿಕ್ಕೆ ಕೂತಿದ್ದೆವು. ಸಭೆ ಮುಗಿಸಿ ಏಳುವಾಗ ಬೀಡಿ ಕಟ್ಟುವ ಅಕ್ಕ ಒಬ್ಬರು ಕೇಳಿದರು, "ಅಣ್ಣಾ, ಈ ದಮ್ಮು ನಮ್ಮವರ ರಕ್ತದಲ್ಲೇ ಉಂಟಂತೆ, ಹೌದಾ? ಅತ್ತೆಗೆ ಇತ್ತು, ಇವರಿಗೆ ಉಂಟು, ಈಗ ಸಣ್ಣವನಿಗೂ ಶುರುವಾಗಿದೆ." ಯಾರು ಹೇಳಿದ್ದು ಅಂತ ಕೇಳಿದೆ. ಅತ್ತೆ ಅಡಿಕೆ ಸುಲಿಯಲಿಕ್ಕೆ ಹೋಗುತ್ತಿದ್ದ ಮನೆಯವರು ಹೇಳಿದ್ದಂತೆ, "ನಿಮ್ಮ ಜನಕ್ಕೆ ಅದು ಇರುವುದೇ ಅಲ್ವಾ" ಅಂತ. ಬೈಗುಳದ ಹಾಗೆ ಅಲ್ಲ, ಬಹಳ ಸಮಾಧಾನದಲ್ಲಿ ಹೇಳಿದ್ದು.

ಅಲ್ಲಿ ನಿಂತುಕೊಂಡು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಉಂಟು, ಪುರುಸೊತ್ತು ಮಾಡಿ ಓದಿ. ನಾನು ಡಾಕ್ಟರ್ ಅಲ್ಲ. ಆದರೆ ದಮ್ಮಿನ ಮನೆಯಲ್ಲಿ ಹುಟ್ಟಿ ಬೆಳೆದವನು. ಅಮ್ಮನ ಉಸಿರಿನ ಸುಂಯ್‌ಗುಟ್ಟುವ ಸದ್ದು ಕೇಳುತ್ತಾ ಎಸ್ಸೆಸ್ಸೆಲ್ಸಿ ಓದಿದವನು. ಇಪ್ಪತ್ತು ವರ್ಷಗಳಿಂದ ಪುತ್ತೂರು, ಸುಳ್ಯ, ಕಡಬದ ಕಾಲನಿಗಳನ್ನು ಸುತ್ತುತ್ತಾ ಈ ಕಾಯಿಲೆಯನ್ನು ನೋಡಿದ್ದೇನೆ, ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ತಿಳಿದವರನ್ನು ಬಿಡದೆ ಕೇಳಿದ್ದೇನೆ.

ಮೊದಲು ರಕ್ತದ ವಿಷಯ. ವಂಶದ ಪಾಲು ಏನೂ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಂದೆಗೋ ತಾಯಿಗೋ ಆಸ್ತಮಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ವಂಶ ಅಂದರೆ ಜಾತಿ ಅಲ್ಲ. ಆ ಒಲವು ಬ್ರಾಹ್ಮಣರ ಮನೆಯಲ್ಲೂ ಉಂಟು, ಬಂಟರ ಮನೆಯಲ್ಲೂ ಉಂಟು, ಬ್ಯಾರಿಗಳ ಮನೆಯಲ್ಲೂ ಉಂಟು. ಒಲವು ಕಾಯಿಲೆ ಆಗಬೇಕಾದರೆ ಎದೆಯೊಳಗೆ ಏನೋ ಒಂದು ಹೋಗಬೇಕು. ಯಾರ ಎದೆಯೊಳಗೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ ಎಂಬುದನ್ನು ನಮ್ಮ ಊರಲ್ಲಿ ಯಾರು ನಿರ್ಧರಿಸಿದ್ದು? ಅತ್ತೆ ಅಡಿಕೆ ಸುಲಿದವರು, ಗಂಡ ಮದ್ದು ಬಿಡುವವರು, ಅಕ್ಕ ಬೀಡಿ ಕಟ್ಟುವವರು, ಮಗು ಮಲಗುವುದು ಹೊಗೆಸೊಪ್ಪಿನ ಪ್ಯಾಕೆಟಿನ ಪಕ್ಕದಲ್ಲಿ. ಇದರಲ್ಲಿ ರಕ್ತ ಎಷ್ಟು, ಧೂಳು ಎಷ್ಟು?

ಒಳಗೆ ನಡೆಯುವುದು ಏನೆಂದು ಸ್ವಲ್ಪ ನಿಧಾನವಾಗಿ ನೋಡುವ. ನಮ್ಮ ಶ್ವಾಸನಾಳ ತಲೆಕೆಳಗಾದ ಮರದ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಒಳಗಡೆ ಒತ್ತೊತ್ತಾಗಿ ಜೋಡಿಸಿದ ಜೀವಕೋಶಗಳ ಪದರ, ಅದರ ಮೇಲೆ ತೆಳುವಾದ ಲೋಳೆ, ಹೊರಗಿನಿಂದ ಸುತ್ತಿಕೊಂಡ ಸ್ನಾಯು. ಧೂಳು, ಹೊಗೆ, ಬೂಸ್ಟು ದಿನಾ ಬಡಿದು ಬಡಿದು ಆ ಪದರ ಘಾಸಿಯಾದಾಗ, ಅಲ್ಲಿಯ ಕೋಶಗಳು ಅಪಾಯದ ಸೂಚನೆ ಕೊಡುತ್ತವೆ. ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಅಂತ ಅವುಗಳ ಹೆಸರು. ಆ ಕರೆ ಕೇಳಿ ಕಾವಲು ಕೋಶಗಳು ಹೊರಗಿನಿಂದ ಬಂದ ಕಣದ ಗುರುತು ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ. ಅಲರ್ಜಿಯ ದಾರಿ ಹಿಡಿಯುವ ದೇಹದಲ್ಲಿ ಆ ಟಿ ಕೋಶಗಳು 'ಟಿಎಚ್-2' ಎಂಬ ಬಗೆಗೆ ತಿರುಗಿ ಮೂರು ಮುಖ್ಯ ರಾಸಾಯನಿಕಗಳನ್ನು ಬಿಡುತ್ತವೆ. ಐಎಲ್-4 ಬಂದಾಗ ಬಿ ಕೋಶಗಳು 'ಐಜಿಇ' ಎಂಬ ಪ್ರತಿಕಾಯ ತಯಾರಿಸುತ್ತವೆ. ಐಎಲ್-5 'ಇಯೋಸಿನೋಫಿಲ್' ಎಂಬ ಬಿಳಿರಕ್ತಕಣಗಳನ್ನು ಬೆಳೆಸಿ ಉಳಿಸುತ್ತದೆ. ಐಎಲ್-13 ಲೋಳೆ ಹೆಚ್ಚಿಸುತ್ತದೆ, ಶ್ವಾಸನಾಳವನ್ನು ಮುಟ್ಟಿದರೆ ಮುದುಡುವ ಹಾಗೆ ಮಾಡುತ್ತದೆ.

ಈ ಐಜಿಇ ಏನೆಂದು 1960ರ ದಶಕದ ಕೊನೆಗಷ್ಟೇ ಗೊತ್ತಾದದ್ದು. ಇಶಿಜಾಕಾ ಎಂಬ ಜಪಾನಿ ದಂಪತಿ ಅಮೆರಿಕದಲ್ಲಿ, ಯೋಹಾನ್ಸನ್ ಮತ್ತು ಬೆನಿಕ್ ಸ್ವೀಡನ್ನಿನಲ್ಲಿ ಕಂಡುಹಿಡಿದರು. ಹೊಟ್ಟೆಯ ಹುಳಗಳ ವಿರುದ್ಧ ಹೋರಾಡುವ ವ್ಯವಸ್ಥೆಯ ಭಾಗ ಅದು. ಅದೇ ಆಯುಧ ಧೂಳಿನ ಮೇಲೆ ತಿರುಗಿದಾಗ ಗಾಯ ಆಗುವುದು ನಮ್ಮ ಎದೆಗೇ.

ಐಜಿಇ ಹೋಗಿ 'ಮಾಸ್ಟ್ ಕೋಶ'ಗಳ ಮೇಲೆ ಅಂಟಿ ಕೂರುತ್ತದೆ. ಇಷ್ಟರವರೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಕೆಮ್ಮೂ ಇಲ್ಲ. ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೋಗಬಹುದು. ಆಮೇಲೆ ಒಂದು ದಿನ ಅದೇ ಧೂಳು ಪುನಃ ಬಂದಾಗ ಮಾಸ್ಟ್ ಕೋಶಗಳು ಒಡೆದ ಹಾಗೆ ಹಿಸ್ಟಮಿನ್, ಲ್ಯೂಕೋಟ್ರೈನ್ ಎಲ್ಲ ಹೊರಗೆ ಸುರಿಯುತ್ತವೆ. ನಿಮಿಷಗಳಲ್ಲಿ ಸ್ನಾಯು ಬಿಗಿಯುತ್ತದೆ, ನಾಳ ಊದುತ್ತದೆ, ಲೋಳೆ ಕಟ್ಟುತ್ತದೆ. ಇದು ಮೊದಲ ಏಟು. ಎರಡನೆಯ ಏಟು ನಾಲ್ಕರಿಂದ ಎಂಟು ಗಂಟೆ ಬಿಟ್ಟು ಬರುತ್ತದೆ. ಆಗ ಇಯೋಸಿನೋಫಿಲ್‌ಗಳು ಗುಂಪಾಗಿ ಬಂದು ಉರಿಯೂತ ಎಬ್ಬಿಸುತ್ತವೆ. ಕೆಲವರಿಗೆ ಮೊದಲ ಏಟು ಕಾಣುವುದೇ ಇಲ್ಲ, ಎರಡನೆಯದು ಮಾತ್ರ.

ಈ ಎರಡನೆಯ ಏಟಿನ ಲೆಕ್ಕ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಹೊರಗೆ ಕೂತಿದ್ದೆ. ಅಮ್ಮ ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಳದ ಬದಿಯ ಕೊಟ್ಟಿಗೆಯಲ್ಲಿ ಕೂತು ಒಣಗಿದ ಅಡಿಕೆ ಸುಲಿಯುತ್ತಿದ್ದರು. ಚಾಲಿ ಅಡಿಕೆ ಅಂದರೆ ಒಂದೂವರೆ ತಿಂಗಳು ಅಂಗಳದಲ್ಲಿ ಬಿದ್ದು ಒಣಗಿದ್ದು, ಆಮೇಲೆ ಗೋಣಿಯಲ್ಲಿ ಕೂತದ್ದು. ಸಿಪ್ಪೆಗೆ ಕತ್ತಿ ತಾಗಿದರೆ ಬೂಸ್ಟಿನ ಹುಡಿ ಏಳುತ್ತದೆ. ಸಂಜೆ ಅಮ್ಮನ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಆದರೆ ಅವರಿಗೆ ದಮ್ಮು ಕಟ್ಟುತ್ತಿದ್ದದ್ದು ರಾತ್ರಿ ಹನ್ನೊಂದು, ಹನ್ನೆರಡಕ್ಕೆ. ಮಾರನೆಯ ದಿನ ಕೆಲಸಕ್ಕೆ ಹೋಗದಿದ್ದರೆ ಧಣಿಗಳ ಮಾತು, "ನಿನ್ನೆ ಇಲ್ಲಿ ಸರಿಯೇ ಇದ್ದಳಲ್ಲ, ಮನೆಗೆ ಹೋಗಿ ಎಂತ ತಿಂದಳೋ." ನಮ್ಮ ಮನೆಯವರೂ ಹಾಗೇ ನಂಬಿದ್ದರು. ಬಾಳೆಹಣ್ಣು ಬಿಡಿಸಿದರು, ಮೊಸರು ಬಿಡಿಸಿದರು, ತಣ್ಣೀರು ಬಿಡಿಸಿದರು. ಅಡಿಕೆ ಸುಲಿಯುವುದನ್ನು ಬಿಡಿಸುವ ಹಾಗಿರಲಿಲ್ಲ, ಅದು ನಮ್ಮ ಅಕ್ಕಿ. ಅಮ್ಮನದ್ದು ಇದೇ ಎಂದು ಪರೀಕ್ಷೆ ಮಾಡಿ ಹೇಳಿದವರು ಯಾರೂ ಇಲ್ಲ. ಆದರೆ ಆ ಗಂಟೆಗಳ ಲೆಕ್ಕ ನನಗೆ ಸಾಕು.

ಆಸ್ತಮಾದಲ್ಲಿ ಬಗೆಗಳು ಉಂಟು. ಮೇಲೆ ಹೇಳಿದ್ದು ಅಲರ್ಜಿಯದ್ದು, ಸಾಮಾನ್ಯವಾಗಿ ಸಣ್ಣ ಪ್ರಾಯದಲ್ಲೇ ಶುರುವಾಗುವುದು. ಅಲರ್ಜಿ ಇಲ್ಲದ ಬಗೆಯೂ ಉಂಟು, ಅದು ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವಂಥದ್ದು. ಅದರಲ್ಲಿ ಕೆಲವರಿಗೆ ಇಯೋಸಿನೋಫಿಲ್ ಬದಲು ನ್ಯೂಟ್ರೋಫಿಲ್ ಎಂಬ ಕಣಗಳ ಕಾರುಬಾರು. ಹೊಗೆ ಕುಡಿದ ಎದೆಗಳಲ್ಲಿ ಇದು ಕಾಣುತ್ತದೆ, ಸ್ಟಿರಾಯ್ಡ್ ಔಷಧಿಗೂ ಇದು ಅಷ್ಟಾಗಿ ಬಗ್ಗುವುದಿಲ್ಲ. ಓಡಿದಾಗ ಮಾತ್ರ ಬಿಗಿಯುವುದು ಉಂಟು, ಸುಂಯ್ ಸದ್ದೇ ಇಲ್ಲದೆ ಬರೀ ಕೆಮ್ಮಿನ ರೂಪದಲ್ಲಿ ಬರುವುದೂ ಉಂಟು. ಈ ಕೊನೆಯದ್ದರಲ್ಲಿ ನಮ್ಮವರು ಬಹಳ ಸುತ್ತುತ್ತಾರೆ. ಎರಡು ವಾರ ಕೆಮ್ಮಿದರೆ ಟಿಬಿ ಅಂತ ಕಫ ಪರೀಕ್ಷೆ ಮಾಡುತ್ತಾರೆ, ಮಾಡಲೇಬೇಕು. ಟಿಬಿ ಇಲ್ಲ ಅಂತ ಬಂದರೆ ಸಿರಪ್ ಕೊಟ್ಟು ಕಳಿಸುತ್ತಾರೆ, ಅಲ್ಲಿಗೆ ಕತೆ ಮುಗಿಯಿತು. ಮತ್ತೆ ಎಂತದ್ದು ಅಂತ ಯಾರೂ ಕೇಳುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಕೆಲಸದಿಂದ ಬರುವ ಆಸ್ತಮಾ. ಕಂಡುಹಿಡಿಯುವ ಮೊದಲ ಪ್ರಶ್ನೆಗೆ ಯಂತ್ರ ಬೇಡ. ಕೆಲಸ ಇಲ್ಲದ ದಿನ, ನೆಂಟರ ಮನೆಗೆ ಹೋದ ವಾರ ಉಸಿರು ಹಗುರ ಆಗುತ್ತದಾ? ವಾಪಸು ಬಂದಾಗ ಪುನಃ ಕಟ್ಟುತ್ತದಾ? ನಿಮ್ಮನ್ನು ನೋಡಿದ ಎಷ್ಟು ಡಾಕ್ಟರರು "ಎಂತ ಕೆಲಸ ಮಾಡ್ತೀರಿ" ಅಂತ ಕೇಳಿದ್ದಾರೆ? ಒಮ್ಮೆ ನೆನಪು ಮಾಡಿ ನೋಡಿ.

ಬೀಡಿ ಕಟ್ಟುವವರ ಎದೆಗೆ ದಿನವಿಡೀ ಹೊಗೆಸೊಪ್ಪಿನ ಹುಡಿ. ಬೀಡಿ ಸೇದದ ಹೆಂಗಸು, ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ಸೇದುವವರಿಗಿಂತ ಹೆಚ್ಚು ಹೊತ್ತು ಹೊಗೆಸೊಪ್ಪಿನ ಜತೆ ಇರುತ್ತಾಳೆ. ಮನೆಯೇ ಕಾರ್ಖಾನೆ ಆದ್ದರಿಂದ ಮಕ್ಕಳಿಗೂ ಪಾಲು. ರಬ್ಬರಿನದ್ದು ಬೇರೆ. ಹಾಲು ಹೆಪ್ಪುಗಟ್ಟಲಿಕ್ಕೆ ಫಾರ್ಮಿಕ್ ಆಸಿಡ್, ಹೆಪ್ಪುಗಟ್ಟದಂತೆ ಇಡಲಿಕ್ಕೆ ಅಮೋನಿಯಾ, ಶೀಟು ಒಣಗಿಸಲಿಕ್ಕೆ ಹೊಗೆಮನೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಲ್ಲಿ ಒಂದಷ್ಟು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೇ ಬಂದದ್ದು, ಅವರಲ್ಲಿ ದಲಿತರು ಬಹಳ. ರಬ್ಬರ್ ಹಾಲಿನ ಪ್ರೋಟೀನಿಗೇ ಐಜಿಇ ತಿರುಗಿ ಬೀಳುತ್ತದೆ ಎಂಬುದು ಜಗತ್ತಿಗೆ ದೊಡ್ಡ ಸುದ್ದಿ ಆದದ್ದು 1980-90ರ ದಶಕದಲ್ಲಿ, ಆಸ್ಪತ್ರೆಗಳಲ್ಲಿ ಗ್ಲೌಸಿನ ಬಳಕೆ ವಿಪರೀತ ಏರಿ ಡಾಕ್ಟರು, ನರ್ಸುಗಳಿಗೆ ದಮ್ಮು ಕಟ್ಟಲಿಕ್ಕೆ ಶುರುವಾದಾಗ. ಗ್ಲೌಸಿನ ಪೌಡರಿಗೆ ಅಂಟಿಕೊಂಡು ಆ ಪ್ರೋಟೀನು ಗಾಳಿಯಲ್ಲಿ ಹಾರುತ್ತಿತ್ತು. 2017ರಲ್ಲಿ ಅಮೆರಿಕ ಪೌಡರ್ ಗ್ಲೌಸನ್ನೇ ನಿಷೇಧಿಸಿತು. ಒಳ್ಳೆಯದೇ ಆಯಿತು. ಮರದಿಂದ ಆ ಹಾಲು ಇಳಿಸುವವನ ಎದೆ ಹೇಗಿದೆ ಅಂತ ಕೇಳುವ ಸುದ್ದಿ ಮಾತ್ರ ನಾನು ಓದಿಲ್ಲ.

ಮದ್ದು ಬಿಡುವುದರ ಬಗ್ಗೆ ಒಂದು ಮಾತು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರ ಶ್ವಾಸಕೋಶ ಕೆಡುತ್ತದೆ ಎಂದು ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ 1969ರಲ್ಲೇ ಗುರುತಿಸಿದ್ದರು. ಅದು ಆಸ್ತಮಾ ಅಲ್ಲ, ಬೇರೆ ಕಾಯಿಲೆ. ಆದರೆ ಮದ್ದು ಬಿಡುವವರಿಗೆ ಉಸಿರು ಕಟ್ಟಿದರೆ ಎಲ್ಲವನ್ನೂ ದಮ್ಮು ಅಂತ ಒಂದೇ ಗೋಣಿಗೆ ತುಂಬಿಸುವುದು ಬೇಡ, ಎಕ್ಸ್‌ರೇ ಮಾಡಿಸಿ.

ಇನ್ನು ಅಡಿಕೆಯದ್ದೇ ಒಂದು ವಿಚಿತ್ರ ಕೇಳಿ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶ ಉಂಟು. ಶ್ವಾಸನಾಳದ ಸ್ನಾಯುವಿನಲ್ಲಿ 'ಬಿಗಿ' ಎಂಬ ಅಪ್ಪಣೆ ತೆಗೆದುಕೊಳ್ಳುವ ಒಂದು ಕೊಂಡಿ ಇರುತ್ತದೆ, ಅರೆಕೋಲಿನ್ ಹೋಗಿ ಅದನ್ನೇ ಒತ್ತುತ್ತದೆ. ಅಡಿಕೆ ಜಗಿದ ಕೆಲವು ಆಸ್ತಮಾ ರೋಗಿಗಳ ಉಸಿರು ಇಳಿದದ್ದನ್ನು 1992ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂದರೆ ಸುಲಿದರೆ ಧೂಳು, ಜಗಿದರೆ ಬಿಗಿತ. ಎಲೆಯಡಿಕೆ ಬಿಟ್ಟರೆ ಕೆಲಸ ಸಾಗುವುದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಾರೆ, ಹಸಿವು ಮುಚ್ಚಲಿಕ್ಕೆ ಶುರು ಮಾಡಿದ ಅಭ್ಯಾಸ ಅದು. ದಮ್ಮು ಇದ್ದವರು ಬಿಡಿ ಮಾರಾಯ್ರೆ. ಅದೇ ಕೊಂಡಿಯನ್ನು ಮುಚ್ಚುವ ಅಂಶ ಉಮ್ಮತ್ತದ ಗಿಡದಲ್ಲಿ ಉಂಟು. ನನ್ನ ಅಜ್ಜ ಉಮ್ಮತ್ತದ ಎಲೆ ಒಣಗಿಸಿ ಹೊಗೆ ಎಳೆಯುತ್ತಿದ್ದರು. ಈ ವಿದ್ಯೆ 1800ರ ಹೊತ್ತಿಗೆ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಆಸ್ತಮಾ ಸಿಗರೇಟು ಅಂತ ಮಾರಾಟ ಆಯಿತು. ಈಗ ಪಂಪಿನಲ್ಲಿ ಬರುವ ಇಪ್ರಾಟ್ರೋಪಿಯಂ ಅದೇ ಜಾತಿಯ ಔಷಧಿ. ಹಾಗಂತ ಯಾರೂ ಉಮ್ಮತ್ತ ಸೇದಲಿಕ್ಕೆ ಹೋಗಬೇಡಿ, ಅದು ವಿಷ. ಅಜ್ಜ ಕೆಲವು ರಾತ್ರಿ ಯಾರದ್ದೋ ಜತೆ ಮಾತಾಡುತ್ತಿದ್ದರು, ಅಲ್ಲಿ ಯಾರೂ ಇರುತ್ತಿರಲಿಲ್ಲ.

ವಾಟ್ಸಾಪಿನಲ್ಲಿ ಒಂದು ಸುತ್ತುತ್ತಾ ಉಂಟು, ದನದ ಹಟ್ಟಿಯ ಗಾಳಿ ಆಸ್ತಮಾ ಓಡಿಸುತ್ತದೆ ಅಂತ. ಅದರ ಬೇರು ಸುಳ್ಳಲ್ಲ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಗಡಗಳ ಮಕ್ಕಳನ್ನು ಹೋಲಿಸಿ 2016ರಲ್ಲಿ ಅಧ್ಯಯನ ಬಂದಿದೆ. ಮನೆಯ ಹತ್ತಿರವೇ ಹಟ್ಟಿ ಇರುವ ಆಮಿಶ್ ಮಕ್ಕಳಲ್ಲಿ ಆಸ್ತಮಾ ಬಹಳ ಕಡಿಮೆ. ಎಳೆಯ ಪ್ರಾಯದಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳ ಪರಿಚಯ ಆದರೆ ರೋಗನಿರೋಧಕ ವ್ಯವಸ್ಥೆ ಟಿಎಚ್-2 ಕಡೆ ವಾಲುವುದು ಕಡಿಮೆ ಅಂತ ಅದರ ಸಾರ. ಸರಿ. ಆದರೆ ಅದು ಹೊಟ್ಟೆ ತುಂಬ ಉಂಡು, ಒಣಗಿದ ಮನೆಯಲ್ಲಿ ಮಲಗುವ ಮಕ್ಕಳ ಕತೆ. ಹಟ್ಟಿ ಗುಡಿಸಿ, ಗೊಬ್ಬರ ಹೊತ್ತು, ಹಸಿ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿ, ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಮನೆಯಲ್ಲಿ ಮಲಗುವವಳಿಗೆ ಅದನ್ನು ಫಾರ್ವರ್ಡ್ ಮಾಡಬೇಡಿ. ನಮ್ಮ ಘಟ್ಟದ ಬುಡದ ಮಳೆ ಎಂಥದ್ದು ಅಂತ ಗೊತ್ತುಂಟಲ್ಲ. ಕಾಲನಿಗೆ ಸಿಕ್ಕಿದ ಜಾಗ ಗುಡ್ಡದ ಕುತ್ತಿಗೆಯೋ ತೋಡಿನ ಬದಿಯೋ. ಬೇಸಗೆಯಲ್ಲಿ ಸಿಪ್ಪೆಯ ಬೂಸ್ಟು, ಆಟಿಯಲ್ಲಿ ಗೋಡೆಯ ಬೂಸ್ಟು.

ಈಗ ಮುಟ್ಟುವ ವಿಷಯ. ಅಮ್ಮನನ್ನು ಮೊದಲ ಸಲ ತೋರಿಸಿದ ಕ್ಲಿನಿಕ್ಕಿನಲ್ಲಿ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಎಲ್ಲಿಂದ ಬಂದದ್ದು, ಯಾರ ಮನೆಗೆ ಕೆಲಸಕ್ಕೆ ಹೋಗುವುದು ಅಂತ ಕೇಳಿದರು. ಆಮೇಲೆ ಮೇಜಿನ ಆಚೆಯಿಂದಲೇ ಚೀಟಿ ಬರೆದರು. ಸ್ಟೆತಾಸ್ಕೋಪ್ ಅವರ ಕುತ್ತಿಗೆಯಲ್ಲಿಯೇ ಇತ್ತು. ವರ್ಷಗಟ್ಟಲೆ ಹಾಗೇ ನಡೆಯಿತು, ಎರಡು ಇಂಜೆಕ್ಷನ್, ಮೂರು ದಿನದ ಮಾತ್ರೆ. ಸ್ಟೆತಾಸ್ಕೋಪ್ ಹುಟ್ಟಿದ ಕತೆ ನಾನು ತಡವಾಗಿ ಓದಿದೆ. 1816ರಲ್ಲಿ ಪ್ಯಾರಿಸಿನಲ್ಲಿ ಲೆನೆಕ್ ಎಂಬ ವೈದ್ಯರಿಗೆ ಹೆಂಗಸೊಬ್ಬಳ ಎದೆಗೆ ಕಿವಿ ಇಡಲಿಕ್ಕೆ ಸಂಕೋಚ ಆಗಿ, ಕಾಗದ ಸುರುಳಿ ಸುತ್ತಿ ಆಲಿಸಿದರಂತೆ. ದೂರ ಇಡಲಿಕ್ಕೇ ಹುಟ್ಟಿದ ಉಪಕರಣ. ಅಷ್ಟು ದೂರವೂ ನಮ್ಮ ಅಮ್ಮನಿಗೆ ಸಾಕಾಗಲಿಲ್ಲ. ಎದೆಗೆ ಕಿವಿ ಕೊಡದೆ ಆಸ್ತಮಾ ಗುರುತಿಸುವುದು ಹೇಗೆ?

ಇದರ ಜತೆಗೇ ಎಲ್ಲರೂ ತಿಳಿಯಬೇಕಾದ್ದು ಒಂದುಂಟು. ನನ್ನ ದೊಡ್ಡ ಮಾವ ಒಂದು ರಾತ್ರಿ ಜೋರಾಗಿ ದಮ್ಮು ಕಟ್ಟಿ ಕೂತಿದ್ದರು. ಎರಡು ಗಂಟೆಯ ಮೇಲೆ ಸುಂಯ್ ಸದ್ದು ನಿಂತಿತು. ಕಡಿಮೆ ಆಯಿತು, ಮಲಗಲಿ ಅಂತ ಮನೆಯವರು ದೀಪ ಸಣ್ಣ ಮಾಡಿದರು. ಬೆಳಿಗ್ಗೆಗೆ ಮಾವ ಇರಲಿಲ್ಲ. ಗಾಳಿ ಓಡಾಡಿದರೆ ಮಾತ್ರ ಸದ್ದು, ಓಡಾಡುವುದೇ ನಿಂತರೆ ಸದ್ದು ಎಲ್ಲಿಂದ? ದಮ್ಮು ಕಟ್ಟಿದವರು ಒಂದು ವಾಕ್ಯ ಪೂರ್ತಿ ಮಾಡಲಿಕ್ಕೆ ಆಗದೆ ಇದ್ದರೆ, ತುಟಿ ನೀಲಿ ತಿರುಗಿದರೆ, ಮಂಪರು ಬಂದರೆ, ಸದ್ದು ಕಡಿಮೆ ಆಯಿತು ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕಿದ ಜೀಪಿಗೆ ಹತ್ತಿಸಿ.

2019ರ ಜಾಗತಿಕ ರೋಗಭಾರದ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಆಸ್ತಮಾ. ಪ್ರಪಂಚದ ಆಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಶೇಕಡಾ 13ರಷ್ಟು, ಆಸ್ತಮಾ ಸಾವುಗಳಲ್ಲಿ ಶೇಕಡಾ 40ಕ್ಕೂ ಮಿಕ್ಕಿ. ಕಾಯಿಲೆ ಒಂದೇ, ಸಾಯುವುದು ಮಾತ್ರ ಇಲ್ಲಿ ಹೆಚ್ಚು. ಯಾಕೆ? ಪಂಪು ಹಿಡಿದರೆ ಚಟ ಆಗುತ್ತದೆ, ಹುಡುಗಿಯ ಕೈಯಲ್ಲಿ ಪಂಪು ಕಂಡರೆ ಮದುವೆ ಆಗುವುದಿಲ್ಲ ಎಂಬ ಮಾತುಗಳು ಒಂದು ಕಾರಣ. ಚಟ ಏನೂ ಇಲ್ಲ. ಪಂಪಿನಲ್ಲಿ ಎರಡು ಜಾತಿ. ಒಂದು, ಬಿಗಿದ ಸ್ನಾಯುವನ್ನು ಆ ಹೊತ್ತಿಗೆ ಸಡಿಲಿಸುವುದು, ಸಾಲ್ಬುಟಮಾಲ್ ತರಹದ್ದು. ಇನ್ನೊಂದು, ಒಳಗಿನ ಉರಿಯೂತವನ್ನೇ ಇಳಿಸುವ ಸ್ಟಿರಾಯ್ಡಿನದ್ದು, ಬುಡೆಸೊನೈಡ್ ತರಹ. ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಎದೆಗೆ ಹೋಗುವ ಔಷಧಿ ಅದು, ನಮ್ಮವರು ಹೆದರದೆ ಹಾಕಿಸಿಕೊಳ್ಳುವ ಇಂಜೆಕ್ಷನ್ನಿಗಿಂತ ಎಷ್ಟೋ ಕಡಿಮೆ ಪ್ರಮಾಣ. ಬರೀ ಸಡಿಲಿಸುವ ಪಂಪನ್ನೇ ನಂಬಿ ಇರುವುದು ಬೇಡ, ಸ್ಟಿರಾಯ್ಡ್ ಜತೆಗಿರಬೇಕು ಅಂತ ಆಸ್ತಮಾದ ಜಾಗತಿಕ ಮಾರ್ಗಸೂಚಿ 'ಗೀನಾ' 2019ರಲ್ಲಿ ಬದಲಾಯಿತು. ನಮ್ಮ ಕಾಲನಿಗಳಲ್ಲಿ ನಾನು ನೋಡುವುದು ಈಗಲೂ ಸಡಿಲಿಸುವ ಪಂಪನ್ನೇ, ಅದೂ ಮನೆಗೆ ಒಂದು, ಮೂವರಿಗೆ.

ಇನ್ನೊಂದು ಕಾರಣ ದುಡ್ಡು. ಆಯುಷ್ಮಾನ್ ಕಾರ್ಡು ಇರುವುದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ಅಡ್ಮಿಟ್ ಆಗದ ಹಾಗೆ ನೋಡಿಕೊಳ್ಳುವ ಪಂಪನ್ನು ತಿಂಗಳು ತಿಂಗಳು ಅಂಗಡಿಯಿಂದ ತರಬೇಕು. ಐಜಿಇಯನ್ನೇ ಹಿಡಿದು ನಿಲ್ಲಿಸುವ ಹೊಸ ಇಂಜೆಕ್ಷನ್‌ಗಳು ಬಂದಿವೆ, ಅವುಗಳ ಬೆಲೆ ಬೀಡಿ ಕಟ್ಟುವವರಿಗೆ ಹೇಳುವುದೂ ಬೇಡ. ಕಾನೂನಿನದ್ದು ಮತ್ತೊಂದು ಕತೆ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಇಲಾಖೆ ನೋಡುತ್ತಿದ್ದ ಕಾಲದಲ್ಲೇ, 1944ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಅಡಾರ್ಕರ್ ವರದಿ ಬಂತು, ಅದರಿಂದ 1948ರ ಇಎಸ್‌ಐ ಕಾಯಿದೆ. ಅದು ಕಾರ್ಖಾನೆಯವರಿಗೆ. ತೋಟದವರಿಗೆ ಆಸ್ಪತ್ರೆ, ಮನೆ ಕೊಡಿ ಅಂದ 1951ರ ಪ್ಲಾಂಟೇಶನ್ ಕಾಯಿದೆ ಹೆಸರು ಹಿಡಿದು ಹೇಳಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಆಮೇಲೆ ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ. ಬೀಡಿಯವರಿಗೆ 1976ರ ಕಲ್ಯಾಣ ನಿಧಿ ಇತ್ತು, ಅದಕ್ಕೆ ದುಡ್ಡು ತರುತ್ತಿದ್ದ ಸೆಸ್ಸು 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು.

ಹಾಗಾಗಿ ಮೂರೂ ತಾಲೂಕಿನ ತಹಶೀಲ್ದಾರರಿಗೆ, ಆರೋಗ್ಯಾಧಿಕಾರಿಗಳಿಗೆ ಕೊಡುವ ಮನವಿ ತಯಾರಾಗುತ್ತಾ ಉಂಟು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಟಿರಾಯ್ಡ್ ಪಂಪು ವರ್ಷವಿಡೀ ಸಿಗಬೇಕು, ಊದಿ ನೋಡುವ ಪೀಕ್ ಫ್ಲೋ ಮೀಟರ್ ಇರಬೇಕು, ಓಪಿಡಿ ಚೀಟಿಯಲ್ಲಿ 'ಕೆಲಸ ಏನು' ಎಂಬ ಒಂದು ಸಾಲು ಇರಬೇಕು, ಅಡಿಕೆ ಸುಲಿಯುವವರಿಗೂ ಮದ್ದು ಬಿಡುವವರಿಗೂ ಮಾಸ್ಕನ್ನು ತೋಟದವರೇ ಕೊಡಬೇಕು. ಟವಲು ಸುತ್ತಿಕೊಂಡರೆ ಸಾಕಾಗುವುದಿಲ್ಲ. ಸೋರುವ ಮನೆಗಳ ಪಟ್ಟಿಯನ್ನು ವಸತಿ ಅರ್ಜಿಯ ಜತೆ ಅಲ್ಲ, ಆರೋಗ್ಯದ ಮನವಿಯ ಜತೆಗೇ ಸೇರಿಸುತ್ತೇವೆ. ನಿಮ್ಮ ಕಾಲನಿಯಲ್ಲಿ ದಮ್ಮು ಇರುವವರು ಎಷ್ಟು ಜನ, ಎಂತ ಕೆಲಸ, ಯಾವ ಹೊತ್ತಿಗೆ ಕಟ್ಟುವುದು ಅಂತ ಬರೆದು ಇನ್‌ಬಾಕ್ಸಿಗೆ ಹಾಕಿ. ಹೆಸರು ಬೇಡ.

ಮುಂದಿನ ಸಭೆಗೆ ಬರುವಾಗ ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಒಂದು ತನ್ನಿ. ಮಕ್ಕಳಿಗೆ ಪಂಪು ನೇರ ಬಾಯಿಗೆ ಒತ್ತಿದರೆ ಔಷಧಿ ಬಹುಪಾಲು ಗಂಟಲಲ್ಲೇ ನಿಲ್ಲುತ್ತದೆ, ನಡುವೆ ಸ್ಪೇಸರ್ ಬೇಕು. ಅಂಥ ಬಾಟಲಿಯಿಂದ ಮಾಡಿದ ಸ್ಪೇಸರ್ ಅಂಗಡಿಯದ್ದರಷ್ಟೇ ಕೆಲಸ ಮಾಡುತ್ತದೆ ಅಂತ ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ಸರಿಯಾಗಿ ತೂತು ಮಾಡಬೇಕು, ಸಂದಿಯಲ್ಲಿ ಗಾಳಿ ಹೋಗಬಾರದು. ನಮ್ಮ ಜತೆ ಇರುವ ನಿವೃತ್ತ ನರ್ಸ್ ಅಕ್ಕ ಮಾಡಿ ತೋರಿಸುತ್ತಾರೆ.